ಮಂಜಿನೊಳಗಿಂದ ಒಂದೇ ಕೂಗು

ಹಿಮಾಲಯದ ಪಾಸ್ ಒಂದನ್ನು ದಾಟಿ ಬಂದವಳು ಎಂದು ತಿಳಿದರೆ ಸಾಕು, ಮೇಲಿಂದ ಏನು ಕಂಡಿತು ಎಂದು ಜನ ಕೇಳುತ್ತಾರೆ. ಪಾಸ್ ಎಂದರೆ ಎರಡು ಶಿಖರಗಳ ಹೆಗಲು ಕೂಡುವ ಜಾಗ. ಈಚೆಯ ಕಣಿವೆಯಿಂದ ಹತ್ತಿದವರು ಅದನ್ನು ದಾಟಿ ಆಚೆಯ ಕಣಿವೆಗೆ ಇಳಿಯಬೇಕು. ಏನೂ ಕಾಣಲಿಲ್ಲ ಎನ್ನುತ್ತೇನೆ. ಅವರಿಗೆ ಸಮಾಧಾನವಾಗುವುದಿಲ್ಲ. ಅಷ್ಟು ದೂರ ಹೋಗಿ, ಅಷ್ಟು ಎತ್ತರ ಹತ್ತಿ ಏನೂ ಕಾಣಲಿಲ್ಲವೆಂದರೆ ನನ್ನ ಕಣ್ಣಿನದೇ ದೋಷ ಎಂಬಂತೆ ನೋಡಿ, ಒಂದು ಫೋಟೋವನ್ನಾದರೂ ತೋರಿಸು ಎನ್ನುತ್ತಾರೆ. ಫೋಟೋ ಕೂಡ ಇಲ್ಲ.

ನಾವು ಹೋದದ್ದು ಮೂವರು: ಅಣ್ಣ, ಅಣ್ಣನ ಹೆಂಡತಿ ಅಂದರೆ ನನ್ನ ವೈನಿ, ನಾನು. ಅಣ್ಣ ಹತ್ತಿ ವ್ಯಾಪಾರಿ. ಅಂಗಡಿ ಹುಬ್ಬಳ್ಳಿಯಲ್ಲಿ, ಮನೆ ಧಾರವಾಡದಲ್ಲಿ. ಈಗ ಹರಾಜೆಲ್ಲ ಕಂಪ್ಯೂಟರಿನಲ್ಲಿ ಬಾಯಿ ಮುಚ್ಚಿಕೊಂಡೇ ನಡೆಯುತ್ತದೆ, ಆದರೆ ಅವನು ಕಸುಬು ಕಲಿತದ್ದು ಸವಾಲು ಕೂಗುವ ಕಾಲದಲ್ಲಿ. ಮಾರುಕಟ್ಟೆಯ ಅಂಗಳದ ಈ ತುದಿಯಲ್ಲಿ ನಿಂತು ಕೂಗಿದರೆ ಆ ತುದಿಯಲ್ಲಿ ಚಕ್ಕಡಿಗೆ ಕಟ್ಟಿದ ಎತ್ತು ಕಿವಿ ನಿಮಿರಿಸಬೇಕು, ಅಂಥ ದನಿ. ಮನೆಯಲ್ಲೂ ಅದೇ. ಅವನಿಗೆ ಚಹಾ ಬೇಕಾಗಿದೆ ಎಂಬುದು ಓಣಿಗೆಲ್ಲ ಗೊತ್ತಾಗುತ್ತಿತ್ತು. ಇವನಿಗೆ ಫೋನು ದಂಡ, ಕಿಟಕಿ ತೆಗೆದು ಮಾತಾಡಿದರೆ ಹುಬ್ಬಳ್ಳಿಗೆ ಮುಟ್ಟುತ್ತದೆ ಎಂದು ನಮ್ಮಪ್ಪ ಹೇಳುತ್ತಿದ್ದರು.

ವೈನಿ ಹೆಬ್ಬಳ್ಳಿಯ ಹೊಲಮನೆಯ ಮಗಳು. ಎರೆಮಣ್ಣಿನ ಹೊಲದಲ್ಲಿ ಓಡಾಡಿ ಬೆಳೆದ ಕಾಲು; ನಡೆದರೆ ನಾವು ಹಿಂದೆ ಬೀಳುತ್ತೇವೆ. ಬೆಳಿಗ್ಗೆ ಸ್ನಾನ ಮಾಡಿ ಲಿಂಗಪೂಜೆ ಮುಗಿಯುವ ತನಕ ನಾಲಿಗೆಗೆ ಹನಿ ನೀರು ಸೋಕಿಸುವವರಲ್ಲ. ನಾನು ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸಿ ನಿವೃತ್ತಳಾದವಳು, ಎರಡು ಓಣಿ ಆಚೆ ಒಬ್ಬಳೇ ಇದ್ದೇನೆ. ಪೂಜೆಗೂ ನನಗೂ ಅಷ್ಟಕ್ಕಷ್ಟೆ. ಸಿಟ್ಟು ಮಾತ್ರ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಮನೆಯವರೆಲ್ಲ ಹೇಳುತ್ತಾರೆ, ಅದು ಖರೆ.

ಈ ಹುಚ್ಚು ಹತ್ತಿಸಿದ್ದು ಕೆಲಗೇರಿ ಕೆರೆಯ ದಂಡೆಗೆ ಮುಂಜಾನೆ ನಡೆಯಲು ಬರುವ ಮಂದಿ. ತೂಕ ಇಳಿಸಬೇಕೆಂದು ಡಾಕ್ಟರು ಹೇಳಿದ್ದರಿಂದ ಅಣ್ಣ ಅಲ್ಲಿಗೆ ಹೋಗುತ್ತಿದ್ದ. ಯಾರೋ ಒಬ್ಬರು ಹಿಮದ ಫೋಟೋ ತೋರಿಸಿದರು, ಇವನು ನಿಂತ ಕಾಲ ಮೇಲೆ ಒಪ್ಪಿಕೊಂಡು ಬಂದ. ಸಾಲಿಯಲ್ಲಿ ಒಂದೇ ಏಟಿಗೆ ಪಾಸ್ ಆದವನಲ್ಲ, ಈ ಪಾಸಾದರೂ ಆಗಲಿ ಎಂದು ತನ್ನ ಮಾತಿಗೆ ತಾನೇ ವಾರಗಟ್ಟಲೆ ನಕ್ಕ. ದೂರದ ಬೆಟ್ಟ ನುಣ್ಣಗೆ ಎಂದು ನಾನು ಹೇಳಿ ನೋಡಿದೆ. ಗಾದೆ ಕೇಳಿ ಯಾರ ಕಾಲೂ ನಿಂತದ್ದಿಲ್ಲ. ಅವನನ್ನು ಒಬ್ಬನನ್ನೇ ಕಳಿಸಲು ವೈನಿಗೆ ಮನಸ್ಸಿಲ್ಲ, ವೈನಿಗೆ ಜೊತೆ ಬೇಕು. ಹೀಗೆ ನಾನೂ ಗಂಟು ಬಿದ್ದೆ.

ತಾಲೀಮಿಗೆಂದು ಹುಬ್ಬಳ್ಳಿಯ ನೃಪತುಂಗ ಬೆಟ್ಟ ಹತ್ತಿದೆವು. ಬೆನ್ನಿಗೆ ಭಾರ ಇರಬೇಕೆಂದು ಅಣ್ಣ ಚೀಲದಲ್ಲಿ ಜೋಳ ತುಂಬಿಕೊಂಡು ಬರುತ್ತಿದ್ದ. ಗುಡ್ಡ ಹತ್ತಿಸಿ ಮತ್ತೆ ಇಳಿಸಿಕೊಂಡು ಬರುವ ಬದಲು ಗಿರಣಿಗೆ ಒಯ್ದಿದ್ದರೆ ಹಿಟ್ಟಾದರೂ ಆಗುತ್ತಿತ್ತು ಎಂದು ವೈನಿ ಪ್ರತಿಸಲ ಗೊಣಗುತ್ತಿದ್ದರು. ಅಲ್ಲಿ ಬರುವ ಮಂದಿ ನಮ್ಮನ್ನು ನೋಡಿ ನಗುತ್ತಿದ್ದರು, ಅಣ್ಣ ಅವರಿಗೆಲ್ಲ ಕೈ ಬೀಸಿ ಹಿಮಾಲಯಕ್ಕೆ ಹೊರಟಿದ್ದೇವೆ ಎಂದು ಕೂಗಿ ಹೇಳುತ್ತಿದ್ದ. ನಾಚಿಕೆಯಾಗಿ ನಾನು ದೂರ ನಿಲ್ಲುತ್ತಿದ್ದೆ. ಈಗ ನೆನೆದರೆ ಆ ದಿನಗಳೇ ನಮ್ಮ ಮನೆಯ ಸುಖದ ದಿನಗಳು ಅನ್ನಿಸುತ್ತದೆ.

ನಮ್ಮ ಕಡೆಯದೇ ಒಂದು ಸಣ್ಣ ಗುಂಪು, ಮುಂದೊಬ್ಬ ಹಿಂದೊಬ್ಬ ಗೈಡು. ಇಬ್ಬರೂ ಆ ಬೆಟ್ಟದ ಊರಿನವರೇ. ಮೊದಲ ದಿನಗಳು ದೇವದಾರು ಕಾಡಿನಲ್ಲಿ, ಆಮೇಲೆ ಹುಲ್ಲುಗಾವಲಿನಲ್ಲಿ, ಆಮೇಲೆ ಬರೀ ಕಲ್ಲಿನಲ್ಲಿ ಕಳೆದವು. ಕಟ್ಟಿಕೊಂಡು ಹೋಗಿದ್ದ ಕಡಕ್ ರೊಟ್ಟಿ ಚೀಲದಲ್ಲಿ ಪುಡಿಯಾಗಿತ್ತು. ಅದಕ್ಕೆ ಶೇಂಗಾ ಚಟ್ನಿ ಕಲಸಿಕೊಂಡು ಮುಕ್ಕುತ್ತಿದ್ದೆವು. ಸ್ನಾನ ಇಲ್ಲದ ಆ ಚಳಿಯಲ್ಲೂ ವೈನಿ ಕೈಕಾಲು ತೊಳೆದು, ಗುಡಾರದೊಳಗೆ ಕೊರಳಿನ ಕರಡಿಗೆ ಬಿಚ್ಚಿ ಇಷ್ಟಲಿಂಗವನ್ನು ಅಂಗೈಯಲ್ಲಿಟ್ಟುಕೊಂಡು ಕೂರುತ್ತಿದ್ದರು. ಸೆಟೆದ ಬೆರಳುಗಳಿಂದ ವಿಭೂತಿ ಉದುರುತ್ತಿತ್ತು. ಅಣ್ಣನ ದನಿ ಬೆಟ್ಟದಿಂದ ಬೆಟ್ಟಕ್ಕೆ ಬಡಿದು ಹಿಂದಿರುಗುವುದನ್ನು ಕೇಳಿ ಗುಂಪಿನವರೆಲ್ಲ ನಗುತ್ತಿದ್ದರು. ಅವನಿಗೂ ಅದು ಆಟವಾಗಿತ್ತು.

ಪಾಸ್ ದಾಟುವ ದಿನ ಬೆಳಕು ಹರಿಯುತ್ತಲೇ ಹೊರಟೆವು. ಅಂಥ ಏರನ್ನು ನಾನು ಹಿಂದೆ ಕಂಡಿರಲಿಲ್ಲ. ಕಾಲಡಿಯಲ್ಲಿ ಒಡೆದ ಕಲ್ಲಿನ ಚೂರು. ಒಂದು ಹೆಜ್ಜೆ ಮೇಲಿಟ್ಟರೆ ಅರ್ಧ ಹೆಜ್ಜೆ ಕೆಳಗೆ ಜಾರುತ್ತದೆ. ಮುಂದಿನವರ ಹಿಮ್ಮಡಿ ನನ್ನ ಹಣೆಯ ಮಟ್ಟಕ್ಕೆ ಇರುತ್ತಿತ್ತು. ಗಾಳಿ ಬೇಕಾದಷ್ಟಿದೆ, ಎಳೆದುಕೊಂಡರೆ ಒಳಗೆ ಏನೂ ಬರುವುದಿಲ್ಲ. ಎದೆ ಕಿವಿಯಲ್ಲಿ ಬಡಿಯತೊಡಗಿತು. ಎರಡು ಹೆಜ್ಜೆಗೊಮ್ಮೆ ಕೋಲಿಗೆ ಆತು ನಿಂತಾಗ ಯಾರೋ ಬೆನ್ನ ಹಿಂದೆ ಏದುಸಿರು ಬಿಡುತ್ತಿದ್ದಂತೆ ಕೇಳಿ ತಿರುಗಿ ನೋಡಿದರೆ ಯಾರೂ ಇರುತ್ತಿರಲಿಲ್ಲ. ನನ್ನದೇ ಉಸಿರು. ಗೊತ್ತಿದ್ದರೂ ಮತ್ತೆ ಮತ್ತೆ ತಿರುಗುತ್ತಿದ್ದೆ.

ಅರ್ಧ ಏರಿನಲ್ಲಿ ಗುಂಪಿನ ಒಬ್ಬರಿಗೆ ತಲೆ ಸುತ್ತಿ ವಾಂತಿ ಶುರುವಾಯಿತು. ಹಿಂದಿನ ಗೈಡು ಅವರನ್ನು ಕರೆದುಕೊಂಡು ಕೆಳಗಿಳಿದ. ಮುಂದಿನವನು ನಾಲ್ಕಾರು ಜನರನ್ನು ಪಾಸಿನ ಕಡೆಗೆ ನಡೆಸುತ್ತಿದ್ದ. ನಡುವೆ ನಾವು ಮೂವರೇ ಉಳಿದೆವು. ದಾರಿಯ ಪಕ್ಕದಲ್ಲಿ ಒಂದು ಕಲ್ಲಿನ ಗುಡ್ಡೆ ಇತ್ತು, ದಾಟಿ ಹೋದವರೆಲ್ಲ ಒಂದೊಂದು ಕಲ್ಲು ಇಟ್ಟು ಬೆಳೆಸಿದ್ದು. ಇಲ್ಲೇ ಕೂತಿರಿ, ಇದನ್ನು ಬಿಟ್ಟು ಕದಲಬೇಡಿ, ಇವರನ್ನು ಮೇಲೆ ಮುಟ್ಟಿಸಿ ಬಂದು ನಿಮ್ಮನ್ನು ಕರೆದೊಯ್ಯುತ್ತೇನೆ ಎಂದು ಗೈಡು ಹೇಳಿ ಹೋದ. ಕೂತೆವು.

ಅಣ್ಣನಿಗೆ ಮೂತ್ರಕ್ಕೆ ಹೋಗಬೇಕಾಯಿತು. ಬೇರೆ ಯಾರಾದರೂ ಆಗಿದ್ದರೆ ಬೆನ್ನು ತಿರುಗಿಸಿ ಅಲ್ಲೇ ಮುಗಿಸುತ್ತಿದ್ದರು. ನಮ್ಮವನಿಗೆ ಮರ್ಯಾದೆ ಅಡ್ಡ ಬಂತು. ಹೆಂಡತಿ, ತಂಗಿ ಕೂತಿದ್ದಾರೆ, ಅವರಿಗೆ ಸದ್ದೂ ಕೇಳಬಾರದು. ಹಳ್ಳಿಯಲ್ಲಿ ಹೊಲದ ಬದು ದಾಟಿ ಹೋಗುವವನಂತೆ ಅಡ್ಡಡ್ಡ ನಡೆದು ಮೊದಲ ಬಂಡೆ ಬಿಟ್ಟು ಎರಡನೆಯದನ್ನೂ ದಾಟಿದ. ಊರಿಗೊಂದು ದಾರಿಯಾದರೆ ಪೋರನಿಗೊಂದು ದಾರಿ ಎಂದು ನಾನು ನಕ್ಕೆ. ವೈನಿಯೂ ನಕ್ಕರು. ಅದೇ ಗಳಿಗೆಗೆ ಕೆಳಗಿನ ಕಣಿವೆಯಿಂದ ಮಂಜು ಎದ್ದು ಬಂತು. ಬಂಡೆ ಹೋಯಿತು, ದಾರಿ ಹೋಯಿತು, ಆಮೇಲೆ ಪಕ್ಕದಲ್ಲಿ ಕೂತ ವೈನಿಯ ಮುಖವೂ ಮಸುಕಾಯಿತು. ಗಾಳಿ ಒಮ್ಮೆ ಬೀಸಿ ಒಮ್ಮೆ ನಿಲ್ಲುತ್ತಿತ್ತು. ಹಿಮದ ಹಳಕುಗಳು ಸದ್ದಿಲ್ಲದೆ ಬೀಳತೊಡಗಿದವು.

ಈಗ ಬಂದಾನು, ಇನ್ನೊಂದು ಗಳಿಗೆಗೆ ಬಂದಾನು ಎಂದು ಕಾದೆವು. ಬರಲಿಲ್ಲ. ನಾನು ಏಳಲು ಹೋದಾಗ ವೈನಿ ತಡೆದರು. ಎದ್ದು ಹೋದರೆ ನಾವೂ ದಾರಿ ತಪ್ಪುತ್ತೇವೆ, ಆಮೇಲೆ ಯಾರು ಯಾರನ್ನು ಹುಡುಕಬೇಕು ಎಂದರು. ಸರಿಯಾದ ಮಾತು. ಕೂತೆ.

ಆಗ ಕೇಳಿತು.

"ತಂಗೀ…"

ಅಣ್ಣ ನನ್ನನ್ನು ಹುಟ್ಟಿದಾಗಿನಿಂದ ಕರೆದದ್ದೇ ಹಾಗೆ. ದನಿ ಅವನದೇ. ಆದರೆ ತೆಳ್ಳಗಾಗಿತ್ತು, ನೀರಿನ ಆಚೆಯಿಂದ ಬಂದ ಹಾಗೆ. ಎಡಕ್ಕೋ, ಕೆಳಗೋ, ತಲೆಯ ಮೇಲೋ ಹೇಳಲು ಬರುತ್ತಿರಲಿಲ್ಲ. ಓ ಎನ್ನಲು ನಾನು ಬಾಯಿ ತೆರೆದೆ. ವೈನಿಯ ಉಣ್ಣೆಯ ಕೈಗವಸು ಬಂದು ನನ್ನ ಬಾಯಿ ಮುಚ್ಚಿತು. ಸುಮ್ಮನೆ ಮುಚ್ಚಲಿಲ್ಲ, ತುಟಿ ಹಲ್ಲಿಗೆ ನಾಟುವಷ್ಟು ಒತ್ತಿ ಹಿಡಿದರು. ಕಿವಿಯ ಹತ್ತಿರ ಬಾಯಿ ತಂದು ಪಿಸುಗುಟ್ಟಿದರು.

"ಒಂದನೇ ಕೂಗಿಗೆ ಓ ಅನಬ್ಯಾಡ. ಖರೇನ ಅವರಿದ್ರ ಮೂರು ಸಲ ಕರೀತಾರ."

ನಮ್ಮ ಸೀಮೆಯಲ್ಲಿ ಇದನ್ನು ಕೇಳದೆ ಬೆಳೆದವರು ಯಾರಿದ್ದಾರೆ? ಉರಿಬಿಸಿಲ ಮಧ್ಯಾಹ್ನ ಹೊಲದಲ್ಲಿ ಒಬ್ಬರೇ ಇದ್ದಾಗ, ಸಂಜೆ ನಿರ್ಜನ ದಾರಿಯಲ್ಲಿ, ಗುರುತಿನ ದನಿಯಲ್ಲಿ ಏನೋ ಕರೆಯುತ್ತದೆ. ಅದಕ್ಕೆ ಒಂದೇ ಸಲ ಕರೆಯುವ ಶಕ್ತಿ. ಮನುಷ್ಯರಾದರೆ ಮತ್ತೆ ಕರೆಯುತ್ತಾರೆ, ಮೂರನೆಯ ಕೂಗಿಗೆ ಓಗೊಡಬೇಕು. ಮೊದಲ ಕೂಗಿಗೇ ಓ ಎಂದವರು ಅದರ ಹಿಂದೆ ಹೋಗಿಬಿಡುತ್ತಾರೆ. ಪೇಟೆಯಲ್ಲಿ ಬೆಳೆದ ನಾವು ಇದನ್ನು ನಕ್ಕು ಮರೆತಿದ್ದೆವು. ವೈನಿ ಮರೆತಿರಲಿಲ್ಲ. ಅವರ ಸೋದರತ್ತೆಯೊಬ್ಬರು ಹೆಬ್ಬಳ್ಳಿಯ ಹೊಲದಲ್ಲಿ ಹೀಗೇ ಓಗೊಟ್ಟು ಎದ್ದು ಹೋದವರು ಬಾವಿಯಲ್ಲಿ ಸಿಕ್ಕಿದ್ದರು. ಆ ಮನೆಯಲ್ಲಿ ಅದನ್ನು ಯಾರೂ ಕತೆಯೆಂದು ಹೇಳುವುದಿಲ್ಲ.

ಎರಡನೆಯ ಕೂಗಿಗೆ ಕಾದೆವು. ಇಷ್ಟು ವರ್ಷ ರಸಾಯನಶಾಸ್ತ್ರ ಕಲಿಸಿದ ನನ್ನ ಕಿವಿಯೂ ಕಾಯಿತು, ಅದನ್ನು ಏನೆಂದು ಹೇಳಲಿ? ಆ ಎತ್ತರದಲ್ಲಿ ಅರೆಬರೆ ಗಾಳಿ ಕುಡಿದ ತಲೆಗೆ ಯಾವುದು ಸುಳ್ಳು, ಯಾವುದು ಖರೆ ಎಂಬ ಗೆರೆ ಇರುವುದಿಲ್ಲ. ಎರಡನೆಯ ಕೂಗು ಬರಲಿಲ್ಲ. ಆಮೇಲೆ ನಾನು ಆ ಕೈಯನ್ನು ಕಿತ್ತು ಬಿಸುಟು ಅಣ್ಣಾ ಎಂದು ಕೂಗಿದೆ. ಎದ್ದು ನಿಂತು ಮತ್ತೆ ಮತ್ತೆ ಕೂಗಿದೆ. ಅರ್ಧ ದನಿ ಮುಖದ ಎದುರಿಗೇ ಸತ್ತು ಬೀಳುತ್ತಿತ್ತು. ಉತ್ತರವಿಲ್ಲ. ವೈನಿ ಕಣ್ಣು ಮುಚ್ಚಿ ಕೊರಳಿನ ಕರಡಿಗೆಯನ್ನು ಎರಡೂ ಕೈಯಿಂದ ಹಿಡಿದು ಕೂತಿದ್ದರು. ಅವರಾಗಿದ್ದರೆ ಮತ್ತೆ ಕರೆಯದೆ ಬಿಡುತ್ತಿರಲಿಲ್ಲ ಎಂದು ತಮಗೇ ಹೇಳಿಕೊಳ್ಳುತ್ತಿದ್ದರು.

ಗೈಡು ಇಳಿದು ಬಂದವನು ನಮ್ಮಿಬ್ಬರನ್ನೇ ಕಂಡು ಬಿಳಿಚಿಕೊಂಡ. ಸೀಟಿ ಊದುತ್ತ ಬಂಡೆಗಳ ಕಡೆ ಹೋದ. ಸೀಟಿಯ ಸದ್ದು ಒಮ್ಮೆ ಹತ್ತಿರ, ಒಮ್ಮೆ ದೂರ. ಎಷ್ಟು ಹೊತ್ತಾಯಿತೋ. ಕೊನೆಗೆ ಮಂಜಿನಲ್ಲಿ ಒಂದು ದೊಡ್ಡ ಗೂನು ಆಕಾರ ನಮ್ಮ ಕಡೆ ಬಂತು. ಗೈಡಿನ ಬೆನ್ನ ಮೇಲೆ ಅಣ್ಣ. ತುಟಿ ನೀಲಿಯಾಗಿತ್ತು, ಒಂದು ಪಾದ ಅಡ್ಡ ಹೊರಳಿತ್ತು. ನೀರು ಕೊರೆದ ಕಮರಿಯಲ್ಲಿ ಜಾರಿ ಬಿದ್ದು ಬಂಡೆಗೆ ಒರಗಿ ಕೂತಿದ್ದನಂತೆ. ಬಾಯಿ ಆಡಿಸುತ್ತಿದ್ದರು, ದನಿ ಮಾತ್ರ ಬರುತ್ತಿರಲಿಲ್ಲ ಎಂದು ಗೈಡು ಹಿಂದಿಯಲ್ಲಿ ಹೇಳಿದ. ಚಳಿಗೆ ಹಾಗಾಗಿದೆ ಎಂದುಕೊಂಡೆ. ಜೀವ ಇತ್ತಲ್ಲ, ಆಗ ನನಗೆ ಅಷ್ಟೇ ಸಾಕಾಗಿತ್ತು.

ಹಿಂದಕ್ಕೆ ಇಳಿಯುವುದಕ್ಕಿಂತ ದಾಟುವುದೇ ಹತ್ತಿರ ಎಂದು ಗೈಡು ತೀರ್ಮಾನಿಸಿದ. ಮೇಲಿದ್ದವರಲ್ಲಿ ಗಟ್ಟಿಗರಿಬ್ಬರು ಇಳಿದು ಬಂದು ಕೈಗೂಡಿಸಿದರು. ಹಾಗೆ ನಾನು ಪಾಸ್ ದಾಟಿದೆ. ಬಣ್ಣದ ಬಾವುಟಗಳ ಒಂದು ಹಗ್ಗ ಕೆನ್ನೆಗೆ ಬಡಿದದ್ದು ನೆನಪಿದೆ. ಆಮೇಲೆ ಇಳಿಜಾರು.

ಅಂದು ಸಂಜೆ ಕೆಳಗಿನ ಗುಡಾರದಲ್ಲಿ ಬಿಸಿನೀರು ಕುಡಿಸಿ, ಕಾಲಿಗೆ ಪಟ್ಟಿ ಕಟ್ಟಿ ಅಣ್ಣನನ್ನು ಮಲಗಿಸಿದ್ದರು. ವೈನಿ ಅವನ ತಲೆಯ ಹತ್ತಿರ ಕೂತು ಹೊದಿಕೆ ಸರಿಮಾಡಿದರು. ಆಮೇಲೆ ಕೇಳಿದರು.

"ನೀವು ನಮ್ಮನ್ನ ಕರದ್ರೇನ್ರಿ?"

ಅಣ್ಣ ಅವರ ಮುಖ ನೋಡಿದ. ಆಮೇಲೆ ನನ್ನ ಮುಖ ನೋಡಿದ. ನನ್ನ ತುಟಿ ಒಡೆದಿತ್ತು. ಇಲ್ಲ ಎಂದು ತಲೆ ಅಲ್ಲಾಡಿಸಿದ. ವೈನಿ ಉಸಿರು ಬಿಟ್ಟ ಸದ್ದು ನನಗೆ ಕೇಳಿತು. ಅವರ ಕಣ್ಣಲ್ಲಿ ನೀರು ಬಂತು. ನೋಡಿದೆಯಾ, ನಾ ಹೇಳಲಿಲ್ಲವಾ ಎಂದು ನನ್ನ ಮೊಣಕಾಲು ಹಿಡಿದರು. ಅವನು ಕರೆಯಲಿಲ್ಲ ಎಂದರೆ ನನ್ನನ್ನು ಕರೆದದ್ದು ಯಾವುದು?

ಧಾರವಾಡಕ್ಕೆ ಮರಳಿದ ಮೇಲೆ ಈ ಪ್ರಶ್ನೆ ನನ್ನ ಜೊತೆಗೇ ಮನೆ ಮಾಡಿತು. ಹೆದರಿಕೆ ಎಂದರೆ ಹೆದರಿಕೆಯೇ, ಮುಚ್ಚಿಡುವುದೇನು. ಪಾತ್ರೆ ತೊಳೆಯುವಾಗ ನಳದ ನೀರಿನಲ್ಲಿ ತಂಗೀ ಎಂದು ಕೇಳುತ್ತಿತ್ತು. ಮಿಕ್ಸರ್ ನಿಲ್ಲಿಸಿದ ಕೂಡಲೇ ಕೇಳುತ್ತಿತ್ತು. ಖಾಲಿ ಮನೆಯಲ್ಲಿ ಓ ಎಂದು ಎದ್ದು ನಿಂತು, ಯಾರಿಗೆ ಓ ಎಂದೆ ಎಂದು ಗೋಡೆ ಹಿಡಿದುಕೊಳ್ಳುತ್ತಿದ್ದೆ. ಒಂದು ಮಧ್ಯಾಹ್ನ ಚಪ್ಪಲಿ ಮೆಟ್ಟಿಕೊಂಡು ಅಂಗಳದ ತನಕ ಹೋಗಿಬಿಟ್ಟಿದ್ದೆ. ಎದುರು ಮನೆಯವರು ಎಲ್ಲಿಗೆ ಹೊರಟಿರಿ ಎಂದು ಕೇಳಿದಾಗ ತಿರುಗಿ ಒಳಗೆ ಬಂದೆ.

ವೈನಿ ಮಾತ್ರ ಈ ಕತೆಯನ್ನು ಎಲ್ಲರಿಗೂ ಹೇಳತೊಡಗಿದರು. ಲಗ್ನದ ಮನೆಯಲ್ಲಿ, ಮಠದ ಅಂಗಳದಲ್ಲಿ, ಸೀರೆ ಅಂಗಡಿಯಲ್ಲಿ. ಅಷ್ಟು ದೊಡ್ಡ ಬೆಟ್ಟದಲ್ಲೂ ಅದು ಇವಳನ್ನು ಹೆಸರು ಗೊತ್ತಿದ್ದ ಹಾಗೆ ಕರೆಯಿತು, ಒಂದೇ ಸಲ ಕರೆಯಿತು. ನಮ್ಮ ಮನೆಯವರ ದನಿ ನಿಮಗೆ ಗೊತ್ತಲ್ಲ, ಅವರು ಕರೆದಿದ್ದರೆ ಬೆಟ್ಟಕ್ಕೆ ಬೆಟ್ಟವೇ ಕೇಳುತ್ತಿರಲಿಲ್ಲವೇ? ಕೇಳಿದವರು ಹೌದು ಹೌದು ಎಂದು ಮೈ ಕೊಡವಿಕೊಳ್ಳುತ್ತಿದ್ದರು. ಅಣ್ಣ ಪಕ್ಕದಲ್ಲಿ ಕೂತು ಗೋಣು ಹಾಕುತ್ತಿದ್ದ. ಅವರು ಆ ಕತೆಯನ್ನು ಹೇಳುವ ಜೋರು ಕಂಡು ನನಗೆ ಮೈಯೆಲ್ಲ ಉರಿಯುತ್ತಿತ್ತು. ಒಡೆದ ತುಟಿ ನನ್ನದು, ಹೆಗ್ಗಳಿಕೆ ಅವರದು.

ಅಣ್ಣ ಗೋಣು ಹಾಕುತ್ತಿದ್ದನೇ ಹೊರತು ಮಾತಾಡುತ್ತಿರಲಿಲ್ಲ. ಅವನ ದನಿ ಮರಳಲೇ ಇಲ್ಲ. ಒಣಗಿದ ಎಲೆ ತುಳಿದ ಹಾಗೆ ಒಂದು ಪಿಸುಮಾತು, ಅದೂ ಹತ್ತಿರ ಕೂತರೆ. ಥಂಡಿ ಹತ್ತಿದೆ ಎಂದು ಅರಿಸಿನದ ಹಾಲು ಕುಡಿಸಿದೆವು, ಕಷಾಯ ಕುಡಿಸಿದೆವು. ಅಂಗಡಿಯಲ್ಲಿ ಚೀಟಿ ಬರೆದು ಕೆಲಸ ನಡೆಸುತ್ತಿದ್ದ. ಆ ಮನೆಯ ಮುಂದೆ ಹಾದು ಹೋಗುವಾಗ ಓಣಿಗೆ ಓಣಿಯೇ ಬಿಕೋ ಎನ್ನುತ್ತಿತ್ತು.

ಹುಬ್ಬಳ್ಳಿಯ ಗಂಟಲಿನ ಡಾಕ್ಟರ ಹತ್ತಿರ ಹೋಗುವಾಗ ಅವನು ವೈನಿಯನ್ನು ಬೇಡವೆಂದು ನನ್ನನ್ನು ಕರೆದುಕೊಂಡು ಹೋದ. ಡಾಕ್ಟರು ನಳಿಗೆ ಇಳಿಸಿ ಒಳಗೆ ನೋಡಿದರು. ಥಂಡಿಯಿಂದ ಇಷ್ಟಾಗುವುದಿಲ್ಲ, ಗಂಟಲಿನ ಎಳೆಗಳಲ್ಲಿ ರಕ್ತ ಹೆಪ್ಪುಗಟ್ಟಿ ಗಾಯ ಮಾಯುವಾಗ ಗಂಟಾಗಿದೆ ಎಂದರು. ಮಿತಿಮೀರಿ ಕೂಗಿದವರಿಗೆ ಹೀಗಾಗುತ್ತದೆ, ಎಲ್ಲಿ ಅಷ್ಟು ಕೂಗಿದಿರಿ ಎಂದು ಕೇಳಿದರು. ಅಣ್ಣ ಕೈಸನ್ನೆ ಮಾಡಿ ಮಾರುಕಟ್ಟೆ, ಸವಾಲು ಎಂದು ತೋರಿಸಿದ. ಡಾಕ್ಟರು ನಂಬಿದರು. ಈಗ ಸವಾಲು ಕೂಗುವುದೇ ಇಲ್ಲವೆಂದು ಪಕ್ಕದಲ್ಲಿ ಕೂತಿದ್ದ ನನಗೆ ಗೊತ್ತಿತ್ತು.

ಮನೆಗೆ ಹೋಗುವ ಬದಲು ಕಾರನ್ನು ಕೆಲಗೇರಿ ಕೆರೆಯ ಕಡೆ ತಿರುಗಿಸಿದೆ. ದಂಡೆಯ ಮೇಲೆ ಕೂಡಿಸಿ, ಇನ್ನು ನನಗೆ ಸುಳ್ಳು ಹೇಳಬೇಡ ಎಂದೆ. ಸಿಟ್ಟಿನಲ್ಲೇ ಹೇಳಿದೆ, ಅಳುವೂ ಬಂತು. ಅವನು ನೀರು ನೋಡುತ್ತ ಕೂತಿದ್ದ. ಆಮೇಲೆ ತಲೆಯನ್ನು ನನ್ನ ಕಿವಿಯ ಹತ್ತಿರ ತಂದ. ಗಾಳಿ ಬೀಸಿದರೂ ಹಾರಿ ಹೋಗುವಂಥ ಆ ದನಿಯಲ್ಲಿ ಅವನು ತುಂಡು ತುಂಡಾಗಿ ಹೇಳಿದ್ದನ್ನು ಕೂಡಿಸಿ ಇಲ್ಲಿ ಬರೆಯುತ್ತಿದ್ದೇನೆ. ಮಂಜು ಮುಚ್ಚಿದಾಗಿನಿಂದ ಅವನು ಕೂಗಿದ್ದ. ಬೀಳುವ ಮೊದಲೂ ಕೂಗಿದ್ದ, ಬಿದ್ದ ಮೇಲೂ ಕೂಗಿದ್ದ. ಸವಾಲಿನ ದಿನಗಳಲ್ಲೂ ಹಾಗೆ ಕೂಗಿರಲಿಲ್ಲ. ಗಾಳಿ ಎಲ್ಲವನ್ನೂ ಕಣಿವೆಗೆ ಒಯ್ದು ಸುರಿಯಿತು, ಯಾವುದೋ ಒಂದು ಮಾತ್ರ ನಮ್ಮ ಕಡೆ ಬಂದು ಮುಟ್ಟಿರಬೇಕು. ನನ್ನ ಕೂಗು ಅವನಿಗೆ ಒಂದೂ ಮುಟ್ಟಲಿಲ್ಲ. ಮೊದಲು ನನ್ನನ್ನೇ ಕರೆದ. ನಮ್ಮ ಮನೆಗಳಲ್ಲಿ ಹಳೆಯ ಕಾಲದ ಗಂಡಸರು ನಾಲ್ಕು ಮಂದಿಯ ಎದುರು ಹೆಂಡತಿಯ ಹೆಸರು ಹಿಡಿದು ಕರೆಯುವುದಿಲ್ಲ. ಅವನಂತೂ ಮನೆಯೊಳಗೂ ಕರೆದವನಲ್ಲ, ಕೇಳಿಲ್ಲೆ, ಅಂದರೆ ಇಲ್ಲಿ ಕೇಳು, ಎಂದೇ ಸಂಸಾರ ಸಾಗಿಸಿದವನು.

"ಕಡೀಕ ಆಕಿ ಹೆಸರು ಹಿಡದು ಕರದೆ," ಎಂದ. "ದನಿ ಹೋಗೂತನಕ ಬರೇ ಆಕಿ ಹೆಸರ."

ಮೂರು ಸಲವಲ್ಲ, ಲೆಕ್ಕವಿಲ್ಲದಷ್ಟು ಸಲ ಕೂಗಿದವನನ್ನು ಒಂದೇ ಕೂಗಿನವನೆಂದು ನಾವು ಮಂಜಿಗೆ ಬಿಟ್ಟು ಕೂತಿದ್ದೆವು. ವೈನಿಗೆ ಈಗಲೇ ಹೋಗಿ ಹೇಳುತ್ತೇನೆ ಎಂದು ಎದ್ದೆ. ಎಷ್ಟು ಮಂದಿಯ ಎದುರು ಆ ಕತೆ ಹೇಳಿದ್ದಾರೆ, ಅಷ್ಟು ಮಂದಿಯ ಎದುರು ಹೇಳುತ್ತೇನೆ ಎಂದೆ. ಅಣ್ಣ ನನ್ನ ಸೆರಗು ಹಿಡಿದು ಕೂಡಿಸಿದ.

"ಬ್ಯಾಡವಾ. ಗೊತ್ತಾತಂದ್ರ ಆಕಿ ಬದುಕೂದಿಲ್ಲ."

ಒಪ್ಪಿಕೊಂಡೆ. ಅಂದಿನಿಂದ ನಳದ ನೀರಿನಲ್ಲಿ ಕೇಳುವ ಕೂಗಿನ ಬಗ್ಗೆ ನನ್ನ ಹೆದರಿಕೆ ಬೇರೆಯಾಯಿತು. ಯಾವುದೋ ಕರೆಯುತ್ತಿದೆ ಎಂಬ ಭಯ ಹೋಯಿತು, ಅವನೇ ಕರೆಯುತ್ತಿದ್ದಾನೆ ಎಂಬುದು ಉಳಿಯಿತು. ಮೊದಲಿನದೇ ವಾಸಿಯಿತ್ತು. ದೆವ್ವವಾದರೆ ಬಾಗಿಲು ಹಾಕಿಕೊಳ್ಳಬಹುದು.

ಗುಟ್ಟು ಕಾಯುವ ಕೆಲಸ ನನ್ನ ಸ್ವಭಾವಕ್ಕೆ ಒಗ್ಗುವುದಲ್ಲ. ವೈನಿ ಕತೆ ಶುರು ಮಾಡಿದರೆ ನಾನು ಎದ್ದು ಹೊರಗೆ ಹೋಗುತ್ತಿದ್ದೆ. ಸಣ್ಣ ಸಣ್ಣದಕ್ಕೆ ಅವರ ಮೇಲೆ ಹರಿಹಾಯುತ್ತಿದ್ದೆ, ಸಾರಿಗೆ ಉಪ್ಪು ಹೆಚ್ಚಾಗಿದೆ, ಬಾಗಿಲು ಯಾಕೆ ತೆರೆದಿಟ್ಟಿದ್ದೀರಿ ಎಂದು. ಅವರೂ ಬದಲಾಗಿದ್ದರು, ಸಿಟ್ಟಿನಲ್ಲಿದ್ದ ನನಗೆ ಕಂಡಿರಲಿಲ್ಲ. ಟೀವಿ ಹಚ್ಚುವುದನ್ನು ಬಿಟ್ಟಿದ್ದರು. ಅಣ್ಣ ಮನೆಯಲ್ಲಿದ್ದಾಗ ಮಿಕ್ಸರ್ ಮುಟ್ಟದೆ ಒರಳಲ್ಲಿ ಚಟ್ನಿ ಅರೆಯುತ್ತಿದ್ದರು. ಅಡುಗೆಮನೆಯಲ್ಲಿ ಅವನ ಕುರ್ಚಿ ಕಾಣುವ ಜಾಗದಲ್ಲೇ ಒಲೆ ಇಡಿಸಿಕೊಂಡಿದ್ದರು. ಗಂಡನ ಚಾಕರಿಯ ಹುಚ್ಚು ಎಂದುಕೊಂಡಿದ್ದೆ.

ಮೊನ್ನೆ ಸಂಜೆ ಅವರ ಮನೆಗೆ ಹೋದಾಗ ವೈನಿ ರೊಟ್ಟಿ ಬಡಿಯುತ್ತಿದ್ದರು. ನಾನು ಹತ್ತಿರದ ಮಣೆಯ ಮೇಲೆ ಕೂತು, ಆ ದಿನ ಯಾರೋ ಬಂದವರ ಮುಂದೆ ಮತ್ತೆ ಅದೇ ಕತೆ ಹೇಳಿದರೆಂದು ತಿಳಿದು, ಬೇಕೆಂದೇ ಕೊಂಕು ಮಾತಾಡುತ್ತಿದ್ದೆ. ಜನರನ್ನು ಹೆದರಿಸುವುದರಲ್ಲಿ ಏನು ಸುಖವಿದೆಯೋ ಎಂದೆ. ವೈನಿಯ ಕೈ ಒಮ್ಮೆಲೇ ನಿಂತಿತು. ಹಿಟ್ಟು ಹತ್ತಿದ ಬೆರಳುಗಳು ರೊಟ್ಟಿಯ ಮೇಲೆ ಹಾಗೇ ಉಳಿದವು. ಅವರು ಕಿವಿಗೊಟ್ಟಿದ್ದರು. ನನಗೆ ಏನೂ ಕೇಳಿರಲಿಲ್ಲ. ಪಡಸಾಲೆಯಲ್ಲಿ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದ ಅಣ್ಣನ ಬೆನ್ನು ಮಾತ್ರ ಕಾಣುತ್ತಿತ್ತು.

"ನಿಮ್ಮಣ್ಣ ನಿನ್ನ ಕರದ್ರು," ಎಂದರು ವೈನಿ. "ಲಗೂ ಓ ಅನ್ನು. ಅವರಿಗೆ ಎರಡನೇ ಸಲ ಕರ್ಯಾಕ ಆಗೂದಿಲ್ಲ."

ನಾನು ಅವರ ಮುಖ ನೋಡಿದೆ. ಒಲೆಯ ಬೆಳಕಿನಲ್ಲಿ ಅದು ಬಹಳ ಮುದಿಯಾಗಿ ಕಂಡಿತು. ಅಂದು ಕರೆದದ್ದು ಅಣ್ಣನೇ ಎಂಬುದು ಯಾವಾಗಿನಿಂದ ಗೊತ್ತು ಎಂದು ನನಗೆ ಕೇಳಲಾಗಲಿಲ್ಲ. ಬೆಟ್ಟದ ಮೇಲೆಯೇ ಗೊತ್ತಿತ್ತೇನೋ. ಮತ್ತೆ ಕರೆಯದೆ ಬಿಡುತ್ತಿರಲಿಲ್ಲ ಎಂದು ಆಗಲೇ ತಮಗೇ ಹೇಳಿಕೊಳ್ಳುತ್ತಿದ್ದರು. ಅದು ದೆವ್ವದ ಹೆದರಿಕೆ ಎಂದುಕೊಂಡಿದ್ದೆ. ಅವರು ಊರೆಲ್ಲ ಹೇಳಿಕೊಂಡು ತಿರುಗಿದ್ದು ನಮ್ಮನ್ನು ನಂಬಿಸಲಿಕ್ಕಲ್ಲ, ತಾವು ನಂಬಲಿಕ್ಕೆ. ಅವರ ಮೇಲೆ ಇಷ್ಟು ದಿನ ಹೊತ್ತು ತಿರುಗಿದ ಸಿಟ್ಟನ್ನು ಎಲ್ಲಿ ಇಡಬೇಕೋ ತಿಳಿಯಲಿಲ್ಲ.

"ಓ ಅನ್ನವಾ," ಎಂದರು ಮತ್ತೆ.

ನಾನು ಓ ಎಂದೆ. ಓಣಿಗೆಲ್ಲ ಕೇಳುವಷ್ಟು ಗಟ್ಟಿಯಾಗಿ ಎಂದೆ. ಅಣ್ಣ ತಿರುಗಿ ನೋಡಿದ. ಹತ್ತಿರ ಹೋಗಿ ಬಗ್ಗಿದಾಗ ಕುಡಿಯಲು ನೀರು ಕೇಳಿದ. ಅಷ್ಟರಲ್ಲಿ ವೈನಿ ತಂಬಿಗೆ ಹಿಡಿದು ನನ್ನ ಹಿಂದೆಯೇ ಬಂದು ನಿಂತಿದ್ದರು.